ಹಸಿರು ಹಳ್ಳಿಯ ಹೆಣಗಳು

ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದ್ದರಿಂದ ನನಗಾದ ಒಂದೇ ಲಾಭವೆಂದರೆ ಯಾವುದನ್ನೂ ಸುಲಭವಾಗಿ ನಂಬದಿರುವುದು. ದೇವರು, ಜ್ಯೋತಿಷ್ಯ, ರೈಲು ಇನ್ನೇನು ಬರುತ್ತದೆಂಬ ಪ್ರಕಟಣೆ, ಎಲ್ಲವನ್ನೂ ಸಂಶಯಿಸುತ್ತ ಬಂದವನು ಈಚೆಗೆ ನನ್ನ ನೆನಪನ್ನೇ ಸಂಶಯಿಸುತ್ತಿದ್ದೇನೆ. ಹೋದ ತಿಂಗಳು ಸ್ಕೂಟರಿನಲ್ಲಿ ಬಂಗಾರಪೇಟೆಗೆ ಹೋದವನು ಬಸ್ಸಿನಲ್ಲಿ ಆಂಡರ್ಸನ್‌ಪೇಟೆಯ ಮನೆಗೆ ಮರಳಿದೆ. ಮಾರನೆಯ ಬೆಳಿಗ್ಗೆ ಸ್ಕೂಟರ್ ಕಳುವಾಗಿದೆಯೆಂದು ಬೀದಿಗೆಲ್ಲ ಸಾರಿದ್ದಲ್ಲದೆ, ಎದುರುಮನೆಯವರನ್ನು ಒಂದು ಥರಾ ನೋಡಿಯೂ ಬಿಟ್ಟೆ. ಅಂದಿನಿಂದ ನನ್ನ ಹೆಂಡತಿ ರತ್ನ, ‘ಡಾಕ್ಟ್ರಿಗೆ ತೋರಿಸ್ಕಳಿ’ ಎಂದು ಹಿಂದೆ ಬಿದ್ದಿದ್ದಾಳೆ. ಮರೆವು ಬಂದಿದೆಯೆಂದು ಡಾಕ್ಟರು ಹೇಳಿಬಿಟ್ಟರೆ ಎಂಬ ಭಯಕ್ಕೆ ನಾನು ಮುಂದೂಡುತ್ತ ಬಂದಿದ್ದೆ.

ಇಂಥ ನನಗೆ ಅಂಟಿರುವ ಚಟವೆಂದರೆ ಟೀವಿಯಲ್ಲಿ ಬರುವ ಇಂಗ್ಲೆಂಡಿನ ಹಳ್ಳಿಗಳ ಕೊಲೆ ಧಾರಾವಾಹಿಗಳು. ಎಷ್ಟು ನೀಟಾದ ಕೊಲೆಗಳು! ಹುಲ್ಲು ಕತ್ತರಿಸಿರುತ್ತದೆ, ಗುಲಾಬಿ ಅರಳಿರುತ್ತದೆ, ಅದರ ಬುಡದಲ್ಲಿ ಒಬ್ಬರು ಸತ್ತಿರುತ್ತಾರೆ. ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಛೆ, ಪಾಪ ಎಂದು ಕೇಕ್ ಕತ್ತರಿಸುತ್ತಾರೆ. ಅಷ್ಟು ಜನ ಸತ್ತರೂ ಆ ಪುಟ್ಟ ಊರಿನ ಹೂವಿನ ಪ್ರದರ್ಶನಕ್ಕೆ ಜನ ಕಡಿಮೆಯಾಗುವುದಿಲ್ಲ. ಚಿನ್ನದ ಗಣಿ ನಡೆಸಿದ ಬಿಳಿಯರು ಬಿಟ್ಟುಹೋದ ಬಂಗಲೆಗಳು ನಮ್ಮಲ್ಲೂ ಇವೆ. ಮೈಸೂರು ಮೈನ್ಸ್ ಎಂಬ ಹಳೇ ಗಣಿಯ ಕಡೆ ನಡೆದುಹೋಗುವಾಗ ಅಂಥದೊಂದು ಕಂಡರೆ ಒಳಗೊಬ್ಬ ಕರ್ನಲ್ ಬೋರಲು ಬಿದ್ದಿರಬೇಕು ಅನ್ನಿಸುತ್ತದೆ. ಇಣುಕಿದರೆ ಯಾರದೋ ಲುಂಗಿ ಒಣಗುತ್ತಿರುತ್ತದೆ. ಅದಿರಲಿ, ಆ ಕಥೆಗಳಲ್ಲಿ ಕೊನೆಗೆ ಎಲ್ಲವೂ ಖಚಿತವಾಗಿ ಗೊತ್ತಾಗುತ್ತದೆ. ನನ್ನಂಥ ಸಂಶಯದ ಪ್ರಾಣಿಗೆ ಬೇರೆಲ್ಲೂ ಈ ಭಾಗ್ಯವಿಲ್ಲ.

ಭಾನುವಾರ ಮಧ್ಯಾಹ್ನ ರತ್ನಳ ಜೊತೆ ನಮ್ಮತ್ತೆಯೂ ನೋಡುತ್ತಾರೆ. ಬಂಗಾರಪೇಟೆ ಪಕ್ಕದ ಹಳ್ಳಿಯವರು. ಇಂಗ್ಲಿಷ್ ಬಾರದು, ಪತ್ತೇದಾರಿಕೆ ಬರುತ್ತದೆ. ಅವರ ಕಡೆ ಸಾವಿನ ಮನೆಯಲ್ಲಿ ಹೆಣ ಎತ್ತುವವರೆಗೆ ಒಲೆ ಹಚ್ಚುವಂತಿಲ್ಲ.

“ನೋಡಿ ಅಳಿಯಂದ್ರೆ, ಎಣ ಇನ್ನಾ ಎತ್ತಿಲ್ಲ, ಆಯಮ್ಮ ಆಗ್ಲೇ ಟೀ ಕಾಸ್ಕಂಡು ಕುಡೀತವಳೆ. ಅವಳ್ದೇ ಕೆಲ್ಸ.”

ಅಷ್ಟರಲ್ಲಿ ಪೊಲೀಸಿನವನೂ ಒಂದು ಕಪ್ಪು ತೆಗೆದುಕೊಂಡ.

“ಇವ್ನೂ ಸೇರ್ಕಂಡವ್ನೆ ಬಿಡಿ.”

ಈ ನ್ಯಾಯದಲ್ಲಿ ಇಡೀ ಇಂಗ್ಲೆಂಡೇ ಜೈಲಿಗೆ ಹೋಗಬೇಕು.

ಹೋದ ಭಾನುವಾರ ಮೊದಲ ಬಾರಿಗೆ ನಾನು ಕೊಲೆಗಾರನನ್ನು ಸರಿಯಾಗಿ ಹಿಡಿದೆ. ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. ರತ್ನ ಮಾತ್ರ, “ಇದು ಆಗ್ಲೇ ಒಂದ್ಸಲ ನೋಡಿದ್ದೇ ಅಲ್ವೇನ್ರೀ” ಎಂದಳು. ನನಗೆ ನೋಡಿದ ನೆನಪೇ ಇರಲಿಲ್ಲ. ಆದರೆ ಎಲ್ಲೋ ಒಳಗೆ ನೆನಪಿದ್ದೇ ಹೇಳಿದ್ದರೆ ನೆನಪು ಗಟ್ಟಿಯಾಗಿದೆ, ಬುದ್ಧಿಗೆ ಶ್ರೇಯಸ್ಸಿಲ್ಲ. ಪೂರ್ತಿ ಮರೆತು, ಯೋಚಿಸಿ ಹೇಳಿದ್ದರೆ ಬುದ್ಧಿ ಚುರುಕು, ನೆನಪು ಹೋಗಿದೆ. ಎರಡರಲ್ಲೊಂದಾದರೂ ಉಳಿದಿದೆಯಲ್ಲ ಎಂದು ಆ ವಾರವೆಲ್ಲ ಹಿಗ್ಗಿದೆ.

ಈ ಭಾನುವಾರ ಮತ್ತೊಂದು ಕಥೆ. ಪಾದ್ರಿಯ ಹೆಂಡತಿಯ ಬೂಟಿಗೆ ಕೆಸರು. ಬೀಗದ ಕೈ ವಿಷಯದಲ್ಲಿ ಅವಳು ಸುಳ್ಳು ಬೇರೆ ಹೇಳಿದಳು. ಅವಳೇ ಕೊಲೆಗಾತಿಯೆಂದು ತರ್ಕಬದ್ಧವಾಗಿ ಸಾಧಿಸಿದೆ. ನನ್ನ ವಾದ ಮುಗಿಯುವುದರೊಳಗೆ ಅವಳೇ ಹೂದೋಟದಲ್ಲಿ ಹೆಣವಾಗಿ ಸಿಕ್ಕಿದಳು.

“ಬುದ್ಧಿ ಕೈಕೊಟ್ಟಿತು, ಹೋಗಲಿ” ಎಂದೆ. “ಇದನ್ನಂತೂ ನಾವು ನೋಡಿರಲಿಲ್ಲ. ನೋಡಿದ್ದರೆ ತಪ್ಪುತ್ತಿತ್ತೇ?”

ಅವರೆಕಾಯಿ ಸುಲಿಯುತ್ತಿದ್ದ ರತ್ನ ತಲೆ ಎತ್ತಲಿಲ್ಲ. “ದೀಪಾವಳೀಲಿ ನೋಡಿದ್ವಿ ಕಣ್ರೀ. ಆವಾಗ್ಲೂ ಆಯಮ್ಮನ್ನೇ ಇಡ್ಕಂಡಿದ್ರಿ. ಇದೇ ಬೂಟು, ಇದೇ ಬೀಗದ ಕೈ. ಆಯಮ್ಮ ಸತ್ಮೇಲೆ ನೀವು ಇಂಗೇ ಬಾಯಿ ಬಿಟ್ಕಂಡ್ ಕೂತಿದ್ರಿ.”

ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಡಾಕ್ಟರ ಹತ್ತಿರ ಹೋಗಲು ನಾನು ಅಲ್ಲೇ ಒಪ್ಪಿಕೊಂಡೆ. ಆಮೇಲೆ ಕೂತು ಕಥೆ ಪೂರ್ತಿ ನೋಡಿದೆ. ಕೊನೆಯಲ್ಲಿ ಪಾದ್ರಿಯೇ ಸಿಕ್ಕಿಬಿದ್ದಾಗ ಕುರ್ಚಿಯಿಂದ ಎದ್ದೇ ನಿಂತೆ, ರತ್ನಳಿಗೆ ಆಕಳಿಕೆ. ಈಗ ನನಗಿರುವ ಚಿಂತೆಯೇ ಬೇರೆ. ಆ ಡಾಕ್ಟರು ನಿಜವಾಗಿಯೂ ಗುಣ ಮಾಡಿಬಿಟ್ಟರೆ ನನ್ನ ಭಾನುವಾರಗಳ ಗತಿಯೇನು?