ಚಪ್ಪಲಿ ಎಣಿಸಿ ಆನ್‌ಲೈನ್ ಕೋರ್ಸುಗಳ ಗುಣಮಟ್ಟ ಹೆಚ್ಚಿಸುವ ಕುರಿತು

ಸಮುದಾಯ ಕಾಲೇಜುಗಳ ದೂರಪಾಠ ಗುಣಮಟ್ಟ ಕೋಶ
(ಹಳೇ ಸೈಕಲ್ ಸ್ಟ್ಯಾಂಡಿನ ಮೇಲಿನ ಮಹಡಿ), ತುಮಕೂರು

ಸಂಖ್ಯೆ: ದೂಪಾಗುಕೋ/ಪಾದರಕ್ಷೆ/41/2007-08
ದಿನಾಂಕ: 16-10-2007

ಸುತ್ತೋಲೆ

ವಿಷಯ: ಗುಬ್ಬಿ ಮತ್ತು ಕುಣಿಗಲ್ ಸಮುದಾಯ ಕಾಲೇಜುಗಳ ಆನ್‌ಲೈನ್ ಕಂಪ್ಯೂಟರ್ ಕೋರ್ಸಿನ ಗುಣಮಟ್ಟವನ್ನು ಬಾಗಿಲಲ್ಲೇ ಅಳೆಯುವ ಬಗ್ಗೆ, ಹಾಗೂ ಹೆಬ್ಬೂರಿನ ಶ್ರೀಮತಿ ಸಿದ್ದಗಂಗಮ್ಮನವರ ಸರ್ಟಿಫಿಕೇಟ್ ಬಗ್ಗೆ.

ಉಲ್ಲೇಖ: 1. ಕಂಪ್ಯೂಟರ್ ಕೊಠಡಿಯೊಳಗೆ ಚಪ್ಪಲಿ ನಿಷೇಧಿಸಿ ಹೊರಡಿಸಿದ 1999ರ ಸುತ್ತೋಲೆ.
2. ಕುಣಿಗಲ್ ಕೇಂದ್ರದ ಅಟೆಂಡರ್ ಗುಂಡಯ್ಯನವರ ಚಪ್ಪಲಿ ವಹಿ.
3. ಸಿದ್ದಗಂಗಮ್ಮನವರ ಅರ್ಜಿಗಳು, ನಾಲ್ಕು. ಖುದ್ದಾಗಿ ಬಂದು ಹೇಳಿದ್ದನ್ನು ಎಣಿಸಿರುವುದಿಲ್ಲ.

ತುಮಕೂರಿನಲ್ಲಿ ಕೂತು ಉಪನ್ಯಾಸಕರು ಪಾಠ ಹೇಳುವುದು, ಗುಬ್ಬಿ ಕುಣಿಗಲ್‌ಗಳಲ್ಲಿ ಕಂಪ್ಯೂಟರ್ ಮುಂದೆ ಕೂತವರು ಕೇಳುವುದು ಈ ಕೋರ್ಸಿನ ಪದ್ಧತಿಯಾಗಿರುತ್ತದೆ. ಕೇಳುವವರು ಇದ್ದಾರೋ ಇಲ್ಲವೋ ಎಂಬುದು ಇಲ್ಲಿಂದ ಕಾಣುವುದಿಲ್ಲ. ಅಲ್ಲಿ ಬಾಗಿಲು ತೆರೆದು ತಲೆ ಎಣಿಸೋಣವೆಂದರೆ ಏಸಿಯ ತಂಪು ಹೊರಗೆ ಹೋಗುತ್ತದೆ. (ಏಸಿ ಇನ್ನೂ ಮಂಜೂರಾಗಿಲ್ಲ. ಬಂದಾಗ ಅಭ್ಯಾಸವಿರಲಿ ಎಂದು ಬಾಗಿಲು ಮುಚ್ಚಿಸಲಾಗಿದೆ.) ಆದುದರಿಂದ ಪ್ರವೇಶದ ದಿನವೇ ಪ್ರತಿ ವಿದ್ಯಾರ್ಥಿಯ ಚಪ್ಪಲಿಯ ಬಣ್ಣ, ಸವೆತ, ಉಂಗುಷ್ಟ ಗಟ್ಟಿಯಾಗಿದೆಯೇ ಎಂಬ ವಿವರಗಳನ್ನು ಹೆಸರಿನ ಮುಂದೆ ಬರೆದುಕೊಂಡು, ದಿನವೂ ಹೊರಗೆ ಬಿಟ್ಟ ಚಪ್ಪಲಿ ನೋಡಿ ಹಾಜರಿ ಹಾಕಲಾಗುತ್ತಿದೆ. ಹೆಸರಿಗೆ ಹೊಂದದ ಚಪ್ಪಲಿಗಳನ್ನು ಒಟ್ಟು ಎಣಿಸಿ, ಎರಡರಿಂದ ಭಾಗಿಸಿ, ಕೇಂದ್ರದ ಗುಣಮಟ್ಟಕ್ಕೆ ಸೇರಿಸಲಾಗುತ್ತಿದೆ. ಈ ಪದ್ಧತಿಯನ್ನು ಇನ್ನಷ್ಟು ಬಿಗಿಗೊಳಿಸಲು ಕೆಳಕಂಡಂತೆ ಆದೇಶಿಸಲಾಗಿದೆ.

1. ಕಳೆದ ಸಾಲಿನಲ್ಲಿ ಗುಬ್ಬಿ ಕೇಂದ್ರದ ಹಾಜರಾತಿ ಕೆಲವು ದಿನ ಮುನ್ನೂರ ಹನ್ನೆರಡನ್ನು ಮುಟ್ಟಿರುತ್ತದೆ. ಅಲ್ಲಿರುವುದು ಆರು ಕಂಪ್ಯೂಟರ್, ಪಕ್ಕದ ಗೋಡೆಗೆ ಕಲ್ಯಾಣ ಮಂಟಪ. ಆದಾಗ್ಯೂ ಅಂಕಿ ಅಂಕಿಯೇ ಆಗಿರುವುದರಿಂದ ಸದರಿ ಕೇಂದ್ರಕ್ಕೆ ಅತ್ಯುತ್ತಮ ಬೋಧನೆಯ ಪರ್ಯಾಯ ಟ್ರೋಫಿ ನೀಡಲಾಗಿದೆ.

2. ಅದೇ ಕೇಂದ್ರದಲ್ಲಿ ಆಷಾಢ ಮಾಸವಿಡೀ ಹಾಜರಾತಿ ನಾಲ್ಕಕ್ಕೆ ಇಳಿದಿರುವುದನ್ನು ಗಂಭೀರವಾಗಿ ಪರಿಗಣಿಸಿ, ಉಪನ್ಯಾಸಕರಾದ ಅನಂತರಾಜು ಅವರಿಂದ ವಿವರಣೆ ಕೇಳಲಾಗಿತ್ತು. "ಸಾರ್, ಆಷಾಢದಲ್ಲಿ ಯಾರ್ ಸಾರ್ ಮದ್ವೆ ಮಾಡ್ತಾರೆ" ಎಂಬ ಅವರ ಉತ್ತರವು ಪಠ್ಯಕ್ರಮಕ್ಕೆ ಸಂಬಂಧಿಸಿಲ್ಲದ ಕಾರಣ ತಿರಸ್ಕರಿಸಲಾಗಿದೆ. ಮುಂದಿನ ಆಷಾಢದಲ್ಲಿ ಅವರು ಹೆಚ್ಚು ಆಸಕ್ತಿದಾಯಕವಾಗಿ ಪಾಠ ಮಾಡತಕ್ಕದ್ದು.

3. ಒಂಟಿ ಚಪ್ಪಲಿಗೆ ಅರ್ಧ ದಿನದ ಹಾಜರಿ. ಇನ್ನೊಂದನ್ನು ಕುಣಿಗಲ್ ಕೇಂದ್ರದ ಕಂದು ನಾಯಿ ಒಯ್ದಿದೆ ಎಂದು ರುಜುವಾತಾದಲ್ಲಿ ಮಾತ್ರ ಪೂರ್ಣ ದಿನ ಎಂದು ಪರಿಗಣಿಸಬಹುದು.

4. ಹವಾಯಿ ಚಪ್ಪಲಿಯವರಿಗೆ ಸರ್ಟಿಫಿಕೇಟ್ ಕೋರ್ಸು. ಬೂಟು ಹಾಕುವವರನ್ನು ಡಿಪ್ಲೊಮಾಕ್ಕೆ ಪರಿಗಣಿಸಬಹುದು.

5. ಪಾಠದ ನಡುವೆ ಕರೆಂಟು ಹೋದರೂ, ಲೈನು ಕಡಿದು ಉಪನ್ಯಾಸಕರ ಬಾಯಿ ಅಂಗೈಯಗಲ ತೆರೆದಲ್ಲೇ ನಿಂತರೂ, ಚಪ್ಪಲಿ ಬಾಗಿಲಲ್ಲಿ ಇರುವವರೆಗೆ ಪಾಠ ನಡೆಯುತ್ತಿದೆ ಎಂದೇ ಭಾವಿಸತಕ್ಕದ್ದು.

6. ಖುದ್ದು ಬರಲಾಗದವರು ಬಸ್ಸಿನಲ್ಲಿ ಚಪ್ಪಲಿಯನ್ನು ಮಾತ್ರ ಕಳುಹಿಸಬಹುದು. ಹುತ್ರಿದುರ್ಗದಿಂದ ಈಗಾಗಲೇ ಮೂರು ಜೊತೆ ನಿಯಮಿತವಾಗಿ ಬರುತ್ತಿದ್ದು, ದೂರಶಿಕ್ಷಣದ ಆಶಯ ಈಡೇರಿದೆ ಎಂದು ಈ ಕಛೇರಿಯು ಹರ್ಷಿಸುತ್ತದೆ.

7. ಇನ್ನು ಸಿದ್ದಗಂಗಮ್ಮನವರ ವಿಷಯ. ಇವರು ಹೆಬ್ಬೂರಿನಿಂದ ಕುಣಿಗಲ್ ಕೇಂದ್ರಕ್ಕೆ ಬರುತ್ತಿದ್ದು, ಮೊದಲ ದಿನವೇ ಇವರ ಹೊಸ ಚಪ್ಪಲಿ ಕಾಣೆಯಾಗಿ, ಅಂದಿನಿಂದ ಎರಡನೆಯ ಜೊತೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಊಟದ ಡಬ್ಬಿ ಇರುವ ಬ್ಯಾಗಿಗೇ ಹಾಕಿಕೊಂಡು ಒಳಗೆ ಕೂರುತ್ತಿದ್ದರು. ಆ ಪ್ರಕಾರ ಅರವತ್ತು ದಿನಗಳ ಕೋರ್ಸಿನಲ್ಲಿ ಐವತ್ತೊಂಬತ್ತು ದಿನ ಗೈರುಹಾಜರಾಗಿರುತ್ತಾರೆ. ಈ ಬಗ್ಗೆ ಅವರು ಗುಂಡಯ್ಯನವರನ್ನು "ಅಲ್ಲ ಗುಂಡಣ್ಣ, ದಿನಾ ನಿನ್ ಮುಂದೇನೆ ಒಳೀಕ್ ಹೋಯ್ತೀನಿ, ನಿನ್ ಮುಂದೇನೆ ಆಚೀಕ್ ಬತ್ತೀನಿ. ಕಲಿಯಾಕ್ ಬಂದವ್ಳು ನಾನಾ, ನನ್ ಮೆಟ್ಟಾ?" ಎಂದು ಕೇಳಿರುವುದಾಗಿಯೂ, ಗುಂಡಯ್ಯನವರು "ಮಕ ನೋಡ್ಕಂಡ್ ಬರಿ ಅಂತ ಆರ್ಡ್ರು ಇಲ್ಲ ಕಣಮ್ಮ. ಇದ್ದಿದ್ರೆ ಬರ್ಯಾಕೆ ನಂಗೇನ್ ನೋವಾ, ಬುಡು" ಎಂದು ನಿಯಮಾನುಸಾರ ಉತ್ತರಿಸಿರುವುದಾಗಿಯೂ ವರದಿಯಾಗಿದೆ. ಗುಂಡಯ್ಯನವರ ಕರ್ತವ್ಯನಿಷ್ಠೆಯನ್ನು ಪ್ರಶಂಸಿಸಲಾಗಿದೆ.

8. ಕೋರ್ಸಿನ ಕೊನೆಯ ಪರೀಕ್ಷೆಯಲ್ಲಿ ಎರಡೂ ಕೇಂದ್ರಗಳಿಂದ ತೇರ್ಗಡೆಯಾದವರು ಒಬ್ಬರೇ, ಸದರಿ ಸಿದ್ದಗಂಗಮ್ಮನವರು, ನೂರಕ್ಕೆ ತೊಂಬತ್ತೆರಡು. ಗೈರುಹಾಜರಾದವರು ಮಾತ್ರ ತೇರ್ಗಡೆಯಾಗಿರುವುದರಿಂದ, ಹಾಜರಾತಿಯಿಂದ ಕಲಿಕೆಗೆ ಅಡ್ಡಿಯಾಗುತ್ತಿದೆಯೇ ಎಂದು ಪರಿಶೀಲಿಸಲು ತ್ರಿಸದಸ್ಯ ಸಮಿತಿಯನ್ನು ರಚಿಸಲಾಗಿದೆ. ಸಮಿತಿಯ ಸಭೆಗೆ ಇದುವರೆಗೆ ಎರಡು ಜೊತೆ ಬಂದಿರುತ್ತವೆ.

9. ಚಪ್ಪಲಿ ಹಾಜರಾತಿ ಪೂರ್ತಿಯಿದ್ದ ಹನ್ನೊಂದು ಮಂದಿಗೆ ಸರ್ಟಿಫಿಕೇಟ್ ನೀಡಲಾಗಿದ್ದು, ಅವರನ್ನು ಒಬ್ಬೊಬ್ಬರಾಗಿ ಕರೆಸಿ ಈ ಕಛೇರಿಯ ಕಂಪ್ಯೂಟರ್ ಕೆಲಸಕ್ಕೆ ಕೂರಿಸಿ ನೋಡಲಾಯಿತು. ಎಲ್ಲರೂ ಚಪ್ಪಲಿಯನ್ನು ಬಹಳ ಅಚ್ಚುಕಟ್ಟಾಗಿ ಬಿಟ್ಟು ಒಳಗೆ ಬಂದರು. ಅದರಿಂದ ಮುಂದಿನದು ಅವರಿಗೆ ಬರಲಿಲ್ಲ.

10. ಹೆಬ್ಬೂರಿನ ಹಾಲಿನ ಡೈರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುದ್ದೆ ಖಾಲಿಯಿದ್ದು, ಇದೇ 31ರೊಳಗೆ ಸರ್ಟಿಫಿಕೇಟ್ ತಂದವರಿಗೆ ಕೆಲಸ ಎಂದು ಡೈರಿಯವರು ತಿಳಿಸಿರುವುದಾಗಿ ಸಿದ್ದಗಂಗಮ್ಮನವರ ಅರ್ಜಿಗಳಲ್ಲಿ ಕಾಣುತ್ತದೆ. "ಹದಿನೈದು ವರ್ಷದಿಂದ ಆ ಡೈರಿಗೆ ಹಾಲು ಹಾಕ್ತಾ ಇದೀನಿ ಸಾರ್. ಒಂದಿನ ಕೌಂಟರ್ ಆಚೆ ಕಡೆ ಕೂತ್ಕತೀನಿ, ಅಷ್ಟೇಯ ನಂದು" ಎಂದು ನಾಲ್ಕನೆಯ ಅರ್ಜಿಯ ಹಿಂಬದಿಯಲ್ಲಿ ಬರೆದಿರುತ್ತಾರೆ. ಓದಿ ಈ ಕಛೇರಿಯ ಮನಸ್ಸೂ ಒಂದು ಗಳಿಗೆ ಕರಗಿತು ಎಂಬುದನ್ನು ದಾಖಲಿಸಲಾಗಿದೆ. ಆದರೆ ಅರ್ಜಿಯ ಹಿಂಬದಿಯಲ್ಲಿ ಬರೆದದ್ದನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.

11. ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಹಾಜರಾತಿ ಕೊರತೆಯ ಕಾರಣ ಸಿದ್ದಗಂಗಮ್ಮನವರನ್ನು ಕಂಪ್ಯೂಟರ್ ಬಾರದವರು ಎಂದು ಈ ಮೂಲಕ ಘೋಷಿಸಿ, ಸರ್ಟಿಫಿಕೇಟ್ ನಿರಾಕರಿಸಲಾಗಿದೆ. ಮುಂದಾದರೂ ಅವರು ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನು ಕಲಿಯತಕ್ಕದ್ದು.

(ಸಹಿ)
ಸದಾಶಿವಯ್ಯ
ಪ್ರಭಾರ ಸಂಯೋಜನಾಧಿಕಾರಿ

ಪ್ರತಿಗಳು:

1. ಪ್ರಾಂಶುಪಾಲರು, ಗುಬ್ಬಿ ಕೇಂದ್ರ, ಟ್ರೋಫಿ ಸಮೇತ.

2. ಗುಬ್ಬಿ ಕೇಂದ್ರದ ಪಕ್ಕದ ಕಲ್ಯಾಣ ಮಂಟಪದ ವ್ಯವಸ್ಥಾಪಕರು, ಆಷಾಢದ ಬಗ್ಗೆ ಮರುಚಿಂತನೆ ಮಾಡಲು ಕೋರಿ.

3. ಶ್ರೀ ಗುಂಡಯ್ಯ, ಅಟೆಂಡರ್, ವಹಿಯ ರಟ್ಟಿನ ಒಳಗೆ ಅಂಟಿಸಿಕೊಳ್ಳಲು.

4. ಕಂದು ನಾಯಿಯನ್ನು ಸಾಕಿದವರು, ಯಾರಾದರೂ ಇದ್ದಲ್ಲಿ.

5. ಶ್ರೀಮತಿ ಸಿದ್ದಗಂಗಮ್ಮ, ಹೆಬ್ಬೂರು. ಐದನೆಯ ಅರ್ಜಿ ಕೊಡಲು ಬಂದವರಿಂದಲೇ, ಕಛೇರಿಯಲ್ಲಿ ಬೇರೆ ಯಾರಿಗೂ ಬಾರದ ಕಾರಣ, ಈ ಸುತ್ತೋಲೆಯನ್ನು ಬೆರಳಚ್ಚು ಮಾಡಿಸುತ್ತಿದ್ದು, ಅಂಚೆಯಲ್ಲಿ ಕಳುಹಿಸುವ ಅಗತ್ಯವಿರುವುದಿಲ್ಲ.

6. ಕಛೇರಿ ಪ್ರತಿ. (ಇಲ್ಲಿಂದ ಕೈಬರಹ.) ಪ್ರಿಂಟು ತೆಗೆದದ್ದು ಇದೊಂದೇ, ಉಳಿದ ಪ್ರತಿಗಳು ಕಂಪ್ಯೂಟರಿನ ಒಳಗಿವೆ. ಒಳಗೆ ಎಲ್ಲಿವೆ, ಹೇಗೆ ತೆಗೆಯುವುದು ಎಂದು ಬೆರಳಚ್ಚು ಮಾಡಿದವರನ್ನು ವಿಚಾರಿಸಲಾಗಿ, "ನಂಗೇನ್ ಬತ್ತದೆ ಸಾರ್, ಕಂಪ್ಯೂಟರ್ ಬಾರದವ್ಳು ಅಂತ ಈಗ್ತಾನೆ ನಾನೇ ಟೈಪ್ ಮಾಡಿದೀನಿ. ನನ್ ಮೆಟ್ಟು ಬಾಗ್ಲಲ್ಲೈತೆ, ಅದನ್ನೇ ಕೇಳ್ಕಳಿ. ಸರ್ಟಿಫಿಕೇಟ್ ರೆಡಿ ಆದ್ರೆ ಹೇಳ್ ಕಳ್ಸಿ" ಎಂದು ತಿಳಿಸಿ, ಐದು ಗಂಟೆಯ ಹೆಬ್ಬೂರು ಬಸ್ಸಿಗೆ ಬರಿಗಾಲಲ್ಲಿ ನಡೆದಿರುತ್ತಾರೆ. ಚಪ್ಪಲಿ ಬಾಗಿಲಲ್ಲೇ ಇರುವುದರಿಂದ ಅವರನ್ನು ಹಾಜರಿದ್ದಾರೆ ಎಂದು ಪರಿಗಣಿಸಿ, ಉತ್ತರಕ್ಕಾಗಿ ಕಾಯಲಾಗುತ್ತಿದೆ.