ಮೂರೇ ತಾರೀಖಿನ ಬಾಳೆಹಣ್ಣು

ಇದರ ಅರ್ಧ ಕಥೆಯನ್ನು ನನಗೆ ಮೊದಲು ಹೇಳಿದವರು ಕಮಲಾಪುರದ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ಉಳಿದರ್ಧಕ್ಕೆ ನಾನೇ ಸಾಕ್ಷಿ. ಅಣ್ಣನದು ಕೆಂಪು ಬಾಳೆಹಣ್ಣಿನ ಹೋಲ್‌ಸೇಲ್ ದಂಧೆ. ಅವನು ಹೊಸ ವಸ್ತು ಕೊಳ್ಳಲು ಹೊರಟಾಗಲೆಲ್ಲ ಇಂಥದ್ದೊಂದು ಆಗಿಯೇ ಆಗುತ್ತದೆ. ಊರಿನ ಅಂಗಡಿಯವರೆಲ್ಲ ಬೆಳಿಗ್ಗೆ ಎದ್ದು ತನಗೆ ಟೋಪಿ ಹಾಕಲಿಕ್ಕೇ ಷಟರ್ ಎತ್ತುತ್ತಾರೆಂದು ಅವನು ನಂಬಿದ್ದಾನೆ.

ಈ ಸಲ ಕಲಬುರಗಿಯ ದೊಡ್ಡ ಎಸಿ ಅಂಗಡಿಯೊಂದರವರು, "ವರ್ಷವಿಡೀ ನಿಮ್ಮ ಹಣ್ಣೇ ತಗೊಳ್ತೀವಿ, ಆದರೆ ಮೊದಲು ಮೂರು ತಿಂಗಳ ವ್ಯಾಪಾರ ಕಂಪ್ಯೂಟರಿನಲ್ಲಿ ತೋರಿಸಿ" ಅಂದಿದ್ದರು. ಇದು ಕುದುರಲಿ ಎಂದು ವೈನಿ ಕಂಡ ದೇವರಿಗೆಲ್ಲ ಕೈ ಮುಗಿದಿದ್ದರು. ಮಾರಾಟವಾಗದೆ ಉಳಿದ ಹಣ್ಣೆಲ್ಲ ಮನೆಗೇ ಬಂದು, ದಿನಾ ಹಾಲು-ಸಕ್ಕರೆ ಕಲಸಿ ಸೀಕರಣೆ ಮಾಡಿ ಮಾಡಿ ಅವರಿಗೆ ಸಾಕಾಗಿಹೋಗಿತ್ತು. ನಾನು ಕಲಬುರಗಿಯಲ್ಲಿ ಕಾಮರ್ಸ್ ಕಲಿಸುವವಳು. ಹಾಗಾಗಿ ಕಂಪ್ಯೂಟರ್ ಆರಿಸಿಕೊಡುವ ಕೆಲಸ ನನ್ನ ತಲೆಗೆ ಬಂತು.

ಸಣ್ಣದಕ್ಕೆ ಯಾಕೆ ಹೆಚ್ಚು?

ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಬಜಾರಿನ ಕಂಪ್ಯೂಟರ್ ಅಂಗಡಿಯಲ್ಲಿ ಸೇಲ್ಸ್‌ಮನ್ ಎರಡು ಲ್ಯಾಪ್‌ಟಾಪ್ ಇಟ್ಟ. ಒಂದು ದೊಡ್ಡದು, ಒಂದು ಸಣ್ಣದು. ಸಣ್ಣದರ ಬೆಲೆಯೇ ಜಾಸ್ತಿ. ಅಣ್ಣನ ಹುಬ್ಬು ಮೇಲಕ್ಕೇರಿತು.

"ಸಣ್ಣ ಗೊನಿಗೆ ಹೆಚ್ಚು, ದೊಡ್ಡ ಗೊನಿಗೆ ಕಡಿಮಿ ಅಂತ ನಾ ಮಾರಿದ್ರ ಮಂದಿ ನನ್ನ ಸುಮ್ನ ಬಿಡ್ತಾರೇನ್ರಿ?"

"ಇದು ಭಾಳ ಹಗುರ ಅದರೀ, ಅಣ್ಣಾರ."

"ಹಗುರ ಅದ ಅಂದ್ರ ಒಳಗ ಮಾಲು ಕಡಿಮಿ ಅದ. ತೂಗಿ ತೋರಸ್ರಿ."

ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಲ್ಯಾಪ್‌ಟಾಪ್ ಕೂತಿತು. ಸೇಲ್ಸ್‌ಮನ್ ಹೇಳಿದ್ದಕ್ಕಿಂತ ಜಾಸ್ತಿ ತೂಕ ಬಂತು. ಚಾರ್ಜರನ್ನೂ ಸೇರಿಸಿ ಇಟ್ಟಿದ್ದರು. ಬಾಳೆಗೊನೆ ತೂಗಿದ ಮೇಲೆ ನಡುವಿನ ದಂಟಿನ ತೂಕ ಕಳೆಯುವುದು ಅಣ್ಣನ ದಂಧೆಯ ರಿವಾಜು. ಚಾರ್ಜರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಸೇಲ್ಸ್‌ಮನ್‌ಗೆ ಅಂದ:

"ಈ ದಂಟಿನ ರೊಕ್ಕ ಮೊದಲ ಕಳೀರಿ. ಆಮ್ಯಾಲ ಮಾತಾಡೋಣು."

ಹಳೇದಕ್ಕೆ ಏನಾಗಿದೆ?

ಆ ಸಣ್ಣದರಲ್ಲೂ ಎರಡು ಬಗೆ. ಹೋದ ವರ್ಷದ್ದೊಂದು, ಈ ವರ್ಷದ್ದೊಂದು.

"ಹಳೇದರಾಗ ಏನರ ಖರಾಬ್ ಅದ ಏನು?"

"ಏನೂ ಖರಾಬ್ ಇಲ್ರೀ. ಏಕದಂ ಮಸ್ತ್ ಅದ."

"ಮತ್ತ ಹೊಸಾದು ಯಾಕ ಮಾಡಿದ್ರಿ?"

ಸೇಲ್ಸ್‌ಮನ್ ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ. ಅಣ್ಣ ನನ್ನನ್ನು ಆಟೋದಲ್ಲಿ ಸ್ಟೇಶನ್ ಬಜಾರಿಗೆ ಎಳೆದುಕೊಂಡು ಹೋಗಿ ಅಲ್ಲಿಯ ಅಂಗಡಿಯಲ್ಲೂ ಇದನ್ನೇ ಕೇಳಿದ. ಅವರೂ ಅದೇ ಉತ್ತರ ಕೊಟ್ಟರು. ಹೊರಗೆ ಬಂದವನೇ ನನ್ನ ಕಿವಿಯಲ್ಲಿ, "ಕೇಳಿದೇನು? ಇಬ್ರೂ ಒಂದೇ ಮಾತು ಹೇಳ್ತಾರ. ನಾವು ಆಟೋದಾಗ ಇದ್ದಾಗ ಫೋನ್ ಮಾಡ್ಕೊಂಡಾರ" ಅಂದ.

ಮತ್ತೆ ಸೂಪರ್ ಮಾರ್ಕೆಟ್. ಅಷ್ಟರಲ್ಲಿ ಸೇಲ್ಸ್‌ಮನ್‌ಗೆ ಅಣ್ಣನ ನಾಡಿ ಸಿಕ್ಕಿತ್ತು. ಹೊಸದನ್ನು ಒಳಗೆ ಎತ್ತಿಡುತ್ತಾ, "ಇದು ನಿಮಗ ಬ್ಯಾಡ ಬಿಡ್ರಿ ಅಣ್ಣಾರ. ಇದನ್ನ ಕೊಡ್ಲಿಕ್ಕೆ ನಮಗೂ ಮನಸ್ಸಿಲ್ಲ" ಅಂದ.

ಹತ್ತು ನಿಮಿಷದಲ್ಲಿ ಅಣ್ಣ ಅದನ್ನೇ ಬಗಲಲ್ಲಿ ಹಿಡಿದು ಹೊರಗೆ ನಿಂತಿದ್ದ. "ಹ್ಯಾಂಗ ಮುಚ್ಚಿಡಾಕತ್ತಿದ್ದ ನೋಡಿದೇನು, ಕಳ್ಳ!"

ಪುಕ್ಕಟೆಯದು

ಲೆಕ್ಕದ ಸಾಫ್ಟ್‌ವೇರ್ ಮಾರುವ ಹುಡುಗ ಮೂರು ಬಗೆ ಹೇಳಿದ. ಒಬ್ಬರೇ ಬಳಸುವುದಕ್ಕೊಂದು, ಹತ್ತು ಮಂದಿ ಬಳಸುವುದಕ್ಕೊಂದು, ಕಲಿಯುವವರಿಗೆ ಪುಕ್ಕಟೆಯದೊಂದು.

"ಒಳಗ ಫರಕ್ ಏನು?"

"ಒಳಗ ಎಲ್ಲಾ ಒಂದೇರೀ. ಆದ್ರ ಪುಕ್ಕಟೆ ಇದ್ದದ್ದು ದಂಧೆಕ್ಕ ನಡ್ಯಂಗಿಲ್ಲ. ತಿಂಗಳ ಮೊದಲನೇ ತಾರೀಖು, ಎರಡನೇದು, ಕಡೀದು, ಇಷ್ಟ ತಗೋತದ. ಉಳಿದ ತಾರೀಖು ಹಾಕಿದ್ರ ತಗೋಳಂಗಿಲ್ಲ."

ಅಣ್ಣ ನಕ್ಕ. "ಒಳಗ ಒಂದೇ ಅಂತಾನ, ಮತ್ತ ರೊಕ್ಕಾನೂ ಕೇಳ್ತಾನ. ಹೆದರಸಾಕತ್ತಾನ ಇವ."

"ಅಣ್ಣಾ, ಖರೇನ ಹೇಳಾಕತ್ತಾನ" ಅಂದೆ ನಾನು.

"ನೀ ಸುಮ್ಮಿರು. ಇವ ನಿನ್ನ ಶಿಷ್ಯ ಇರಬೇಕು."

ಶಿಷ್ಯನೇ ಆಗಿದ್ದ. ಅದು ಬೇರೆ ಮಾತು.

ವೈನಿಯ ಫೋನು

ಪುಕ್ಕಟೆಯದೇ ಕಮಲಾಪುರಕ್ಕೆ ಹೋಯಿತು. ವ್ಯಾಪಾರ ಬರೆಯುವ ಕೆಲಸ ವೈನಿಯ ಪಾಲಿಗೆ. ತಿಂಗಳ ಮೂರನೇ ದಿನವೇ ಫೋನ್ ಬಂತು.

"ಕೇಳವ್ವಾ, ಇವತ್ತಿನ ತಾರೀಖು ಹಾಕಿದ್ರ ಇದು ಒಲ್ಲೆ ಅಂತದ. ನಿಮ್ಮಣ್ಣಗ ಹೇಳಿದ್ರ, ಒಲ್ಲೆ ಅಂದ್ರ ನಿನ್ನೇದು ಹಾಕು ಅಂತಾರ."

"ನಾಳೆ ಏನು ಮಾಡ್ತೀರಿ ವೈನಿ?"

"ನಾಳೇನೂ ನಿನ್ನೇದೇ ಹಾಕಬೇಕಂತ!"

ಹೀಗೆ ಮೂರು ತಿಂಗಳು ನಡೆಯಿತು. ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಕಮಲಾಪುರದ ವಾರದ ಸಂತೆ, ಹಬ್ಬ, ಮದುವೆ ಎಲ್ಲವೂ ತಿಂಗಳ ಎರಡನೇ ತಾರೀಖಿಗೇ ನಡೆದವು. "ಮಿಶಿನ್ನಾಗ ನೋಡಿದ್ರ ಎರಡನೇ ತಾರೀಖಿಗೆ ಜಾತ್ರೀನ ನೆರದದ. ಆದ್ರ ಅವತ್ತ ಖರೇ ನೋಡಿದ್ರ ಅಂಗಡ್ಯಾಗ ನೊಣಾನೂ ಇರಂಗಿಲ್ಲ" ಅಂದರು ವೈನಿ.

ಸಾಹೇಬರ ಭೇಟಿ

ಕೊನೆಗೆ ಎಸಿ ಅಂಗಡಿಯ ಮ್ಯಾನೇಜರ್ ಸಾಹೇಬರು ಕಮಲಾಪುರಕ್ಕೆ ಬಂದರು. ವೈನಿ ನನ್ನನ್ನೂ ಕರೆಸಿಕೊಂಡಿದ್ದರು. ಸಾಹೇಬರು ಲ್ಯಾಪ್‌ಟಾಪ್ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಏನ್ರೀ ಇದು? ಎರಡನೇ ತಾರೀಖಿಗೆ ಲಾರಿಗಟ್ಟಲೆ ಹಣ್ಣು ಹೋಗ್ಯಾವ, ಆಮೇಲೆ ತಿಂಗಳು ಮುಗಿಯೋತನಕ ಒಂದೂ ಇಲ್ಲ?"

ಇವರಿಗೆ ಯಾರೋ ಚಾಡಿ ಹೇಳಿದ್ದಾರೆಂದು ಅಣ್ಣ ನನ್ನ ಕಡೆ ಕೆಕ್ಕರಿಸಿ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಪಗಾರ ಆದ ಮ್ಯಾಲ ಮಂದಿ ಹಣ್ಣು ತಿಂತಾರ್ರೀ ಸಾಹೇಬ್ರ."

"ಕಡೇ ತಾರೀಖಿಗೂ ಹೋಗ್ಯಾವಲ್ಲ?"

"ಅವ್ರು ಪಗಾರ ಬರ್ತದಂತ ಖುಷಿಗೆ ತಿಂತಾರ್ರೀ."

ಸಾಹೇಬರು ಎದ್ದು ನಿಂತರು. "ನಮಗೆ ದಿನಾ ಹಣ್ಣು ಬೇಕು. ತಿಂಗಳಿಗೆ ಮೂರು ದಿನ ಅಂಗಡಿ ತೆಗೆಯೋರ ಜೋಡಿ ನಮಗೆ ಆಗೋದಿಲ್ಲ."

ವೈನಿ ಚಹದ ತಾಟು ಅಲ್ಲೇ ಕುಕ್ಕಿ ಬಾಗಿಲಿಗೆ ಅಡ್ಡ ನಿಂತರು. "ಸಾಹೇಬ್ರ, ಅಂಗಡಿ ದಿನಾ ತೆಗೀತೇವ್ರಿ. ನಮ್ಮ ಮನಿಯವ್ರು ಪುಕ್ಕಟೆ ತಂದಾರ ನೋಡ್ರಿ, ಈ ಮಿಶಿನ್ನಷ್ಟ ಮೂರು ದಿನ ತೆಗೀತದ!" ಅಂದವರೇ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟರು.

ಸಾಹೇಬರು ನಕ್ಕು ನಕ್ಕು ಮತ್ತೆ ಕುರ್ಚಿಗೆ ಕುಸಿದರು. ಕಣ್ಣೊರೆಸಿಕೊಂಡು, "ನಾಳೆಯಿಂದಲೇ ಹಣ್ಣು ಕಳಿಸಿ. ಆದರೆ ಮೊದಲು ರೊಕ್ಕ ಕೊಟ್ಟು ಆ ಸಾಫ್ಟ್‌ವೇರ್ ತಗೊಳ್ಳಿ" ಎಂದು ಹೇಳಿ ಹೋದರು. ವೈನಿ ದೇವರ ಮುಂದೆ ಸಕ್ಕರೆ ಇಟ್ಟರು.

ಅಣ್ಣ ಮಾತ್ರ ಸಾಹೇಬರ ಕಾರು ತಿರುವು ದಾಟುವವರೆಗೂ ನೋಡುತ್ತಾ ನಿಂತಿದ್ದ. ಆಮೇಲೆ ನನ್ನನ್ನು ಗೊನೆಗಳ ಹಿಂದೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ ಹೇಳಿದ:

"ಈಗ ತಿಳೀತೇನು? ಇಂವಗ ಸಾಫ್ಟ್‌ವೇರ್‌ನವರ ಕಡಿಂದ ಕಮಿಷನ್ ಅದ."

ನೀವೂ ಇದನ್ನು ನಾಲ್ಕು ಮಂದಿಗೆ ಹೇಳಿ. ಅಣ್ಣನ ಕಿವಿಗೆ ಬಿದ್ದರೆ, ಊರಿಗೆಲ್ಲ ಹಬ್ಬಿಸಿದವರು ವೈನಿ ಮತ್ತು ನಾನೇ ಎಂದು ಅವನಿಗೆ ಸಂಶಯ ಬರುತ್ತದೆ. ಬರಲಿ ಬಿಡಿ. ಪಾಪ, ಒಮ್ಮೆಯಾದರೂ ಅವನ ಸಂಶಯ ಪೂರಾ ಖರೇ ಆಗಲಿ.