ಆಕ್ಸಲ್ಲಿಗೆ ಹಲಸಿನ ಮೇಣ

ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನಿಗೆ ಒಂದು ಹಳೇ ಜೀಪಿನ ಆಕ್ಸಲ್ಲಿಗೆ ನೀರು ಹೋಗದಂತೆ ತಡೆಯುವುದು ಯಾವ ಮಹಾ ಕೆಲಸ? ತರೀಕೆರೆಯಿಂದ ಎಮ್ಮೆದೊಡ್ಡಿ ಹತ್ತಿರದ ಮಾವನವರ ತೋಟಕ್ಕೆ ಹೋದ ಆ ಶನಿವಾರ ನಾನು ಯೋಚಿಸಿದ್ದು ಹೀಗೆ.

ಮಾವನವರ ತೋಟಕ್ಕೂ ಟಾರು ರಸ್ತೆಗೂ ನಡುವೆ ಒಂದು ಹಳ್ಳ. ಜೀಪು ಅದನ್ನು ದಾಟಿದಾಗಲೆಲ್ಲ ಆಕ್ಸಲ್ ತುದಿಯ ರಬ್ಬರ್ ಸೀಲಿನ ಸಂದಿಯಿಂದ ನೀರು ಒಳಗೆ ಸೇರಿ, ಬೇರಿಂಗು ತುಕ್ಕು ಹಿಡಿದು, ಚಕ್ರ ಗರಗರ ಎನ್ನುತ್ತಿತ್ತು. ರಿಪೇರಿ ಮಾಡಿಸಿ ಸಾಕಾದ ಮಾವ ಮಗಳೆದುರು ಘೋಷಿಸಿದರು:

“ಇನ್ನೊಂದ್ಸಲ ನೀರು ನುಗ್ತೋ, ಸೀದಾ ಗುಜರಿಗೆ ಹಾಕ್ತೀನಿ ಕಣವ್ವ!”

ನನ್ನ ಹೆಂಡತಿ ಗಿರಿಜಾ ಡ್ರೈವಿಂಗ್ ಕಲಿತದ್ದು ಆ ಜೀಪಿನಲ್ಲಿ. ಮದುವೆಯಾಗಿ ತವರು ಬಿಡುವಾಗ ಅವಳು ಅಪ್ಪನನ್ನು ಹಿಡಿದು ಅತ್ತದ್ದಕ್ಕಿಂತ ಬಾನೆಟ್ಟಿನ ಮೇಲೆ ತಲೆಯಿಟ್ಟು ಅತ್ತದ್ದೇ ಹೆಚ್ಚು ಎಂದು ನೆಂಟರು ಇಂದಿಗೂ ಹೇಳುತ್ತಾರೆ. ಅವಳ ಮುಖ ಬಾಡಿತು. ಗಂಡನಾದವನು ಸುಮ್ಮನಿರಲಾದೀತೆ?

“ಚಿಂತೆ ಬಿಡು. ಜೀಪು ಉಳಿಸೋನು ನಾನು” ಎಂದೆ.

“ನೀವಾ? ಮೊನ್ನೆ ಮಿಕ್ಸಿ ಉಳಿಸಿದ್ರಲ್ಲ, ಹಂಗಾ?”

ಮಹತ್ಕಾರ್ಯಕ್ಕೆ ಹೊರಟವರು ಇಂಥ ಮಾತುಗಳಿಗೆ ಕಿವಿಗೊಡಬಾರದು.

ಗೋಣಿಚೀಲ ಹಾಸಿ ಜೀಪಿನಡಿ ಮಲಗಿದೆ. ಸೀಲಿನ ಸುತ್ತ ಮಣ್ಣು ಒರೆಸಿ ಗ್ರೀಸು ಮೆತ್ತಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಆದರೆ ಆಗಲೇ ಕಂಡಿತು, ಆಕ್ಸಲ್ಲಿನ ನೆತ್ತಿಯ ಮೇಲೆ ಒಂದು ಪುಟ್ಟ ತೂತು!

“ಮಾವ! ಕಳ್ಳದಾರಿ ಸಿಕ್ತು! ನೀರು ಹೋಗೋದು ಇಲ್ಲಿಂದ!”

ಮಾವ ಬಗ್ಗಿ ನೋಡಿದರು. “ಅದು ಕಂಪ್ನಿಯೋರೇ ಬಿಟ್ಟಿರೋ ತೂತಲ್ವೇ ಅಳಿಯಂದ್ರೇ?”

“ಕಂಪನಿಯವರು ನಮ್ಮ ಹಳ್ಳ ನೋಡಿದ್ದಾರಾ ಮಾವ?”

ಮಾವ ಒಮ್ಮೆ ಹಳ್ಳದ ಕಡೆ ನೋಡಿ ಪಕ್ಕಕ್ಕೆ ಸರಿದರು. ಅತ್ತೆ ಅಡುಗೆಮನೆಯ ಸೂರಿನಲ್ಲಿ ಸಿಕ್ಕಿಸಿದ್ದ ಹಲಸಿನ ಮೇಣದ ಕಡ್ಡಿ ತಂದುಕೊಟ್ಟರು.

“ತೂತು ಬಿದ್ದ ಬಿಂದಿಗೆಗೆ ಇದನ್ನೇ ಹಚ್ಚೋದು. ಇವತ್ತಿಗೂ ಒಂದ್ ತೊಟ್ಟು ಸೋರಿಲ್ಲ.”

ಒಲೆಯಲ್ಲಿ ಕಾಯಿಸಿ ತೂತಿಗೆ ಜಡಿದೆ. ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿದೆ. ಮುಂದಿನ ಆಕ್ಸಲ್ಲಿಗೂ ಅದೇ ಸನ್ಮಾನ.

ಪರೀಕ್ಷೆ ನಡೆಯಿತು. ಗಿರಿಜಾ ಜೀಪನ್ನು ಹಳ್ಳಕ್ಕೆ ಇಳಿಸಿ ಹತ್ತಿಸಿದಳು. ಆಕ್ಸಲ್ ಬಿರಡೆ ಬಿಚ್ಚಿ ನೋಡಿದರೆ ಎಣ್ಣೆ ಶುದ್ಧ! ನೀರಿನ ಸುಳಿವಿಲ್ಲ!

“ಭೇಷ್! ಓದಿದೋರು ಓದಿದೋರೇ ಕಣವ್ವ” ಎಂದರು ಮಾವ. ನಾನು ಗಂಟಲು ಸರಿಮಾಡಿಕೊಂಡು ಜಲನಿರೋಧ ತಂತ್ರಜ್ಞಾನದ ಬಗ್ಗೆ ಸಣ್ಣ ಉಪನ್ಯಾಸ ಕೊಟ್ಟೆ. ಅತ್ತೆಯೊಬ್ಬರೇ ಪೂರ್ತಿ ಕೇಳಿದರು. ಮೇಣ ಅವರದಲ್ಲವೇ!

ಅದೇ ಹುರುಪಿನಲ್ಲಿ ಜೀಪಿನ ತುಂಬ ತೆಂಗಿನಕಾಯಿ ಹೇರಿ ಸಖರಾಯಪಟ್ಟಣಕ್ಕೆ ಹೊರಟೆವು. ಗಿರಿಜಾ ಸ್ಟೀರಿಂಗ್ ಹಿಡಿದಳು. ಪಕ್ಕದಲ್ಲಿ ನಾನು. ಹಿಂದೆ ಕಾಯಿ ರಾಶಿಯ ಮೇಲೆ ಮಾವ. ಉಬ್ಬು ತಗ್ಗು ಹತ್ತಿ ಇಳಿದು ಸಾಕಷ್ಟು ದೂರ ಹೋಗಿದ್ದೆವು.

“ರೀ, ಏನೋ ಸೀದ ವಾಸ್ನೆ.”

“ಹೊಸ ಗ್ರೀಸು. ಹಾಗೇ ಇರುತ್ತೆ.”

ಆಮೇಲೆ ಇಳಿಜಾರು ಬಂತು.

“ರೀ, ಬ್ರೇಕ್ ಹಿಡೀತಿಲ್ಲ” ಎಂದಳು ಗಿರಿಜಾ. ಹಾಲು ಒಡೆದಿದೆ ಎನ್ನುವಷ್ಟೇ ಸಮಾಧಾನದಲ್ಲಿ.

“ಹಿಡಿಯದೆ ಏನು? ಸರಿಯಾಗಿ ಒತ್ತು.”

“ನಿಂತ್ಕೊಂಡು ಒತ್ತಿದೀನಿ ಕಣ್ರೀ!”

ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಅದು ಸಲೀಸಾಗಿ ಮೇಲೆ ಬಂತು. ಜೀಪು ಇನ್ನೂ ಸಲೀಸಾಗಿ ಕೆಳಗೆ ಹೋಯಿತು! ಇಳಿಜಾರಿನ ಕೊನೆಯಲ್ಲಿ ಹುಲ್ಲುಗಾವಲಿನ ಅಮೃತಮಹಲ್ ದನಗಳು ರಸ್ತೆಗಡ್ಡ ನಿಂತಿದ್ದವು. ಆ ಕೊಂಬುಗಳು! ಇವತ್ತಿಗೂ ಕಣ್ಣು ಮುಚ್ಚಿದರೆ ಅವೇ ನನ್ನ ಎದೆಗೆ ಗುರಿಯಿಟ್ಟು ಬರುತ್ತವೆ. ಹಾರ್ನ್ ಹೊಡೆದರೆ ಅವು ಓಡಲಿಲ್ಲ. ತಲೆ ಎತ್ತಿ, ಯಾರಪ್ಪಾ ನೀವು ಎಂಬಂತೆ ನೋಡಿದವು.

“ಶಿವಾ! ಶಿವಾ! ಗೇರ್ ಇಳ್ಸವ್ವಾ!” ಎಂದು ಹಿಂದಿನಿಂದ ಮಾವ ಕೂಗಿದರು.

ಆ ಘಳಿಗೆಯಲ್ಲಿ ನನಗೆ ಹೊಳೆದದ್ದು ಒಂದೇ: ತೂಕವನ್ನು ವೇಗದಿಂದ ಗುಣಿಸಬೇಕು. ತೆಂಗಿನಕಾಯಿಯ ತೂಕವನ್ನೂ ಸೇರಿಸಿಕೊಳ್ಳಬೇಕು! ಗಿರಿಜಾ ಗುಣಾಕಾರ ಮಾಡುತ್ತ ಕೂರಲಿಲ್ಲ. ಗೇರ್ ಇಳಿಸಿ, ಇಂಜಿನ್ನು ಅರಚುತ್ತಿರುವಾಗಲೇ ಎಡಕ್ಕೆ ತಿರುಗಿಸಿ, ದನಗಳು ನೀರು ಕುಡಿಯುವ ಕಟ್ಟೆಯೊಳಕ್ಕೆ ಜೀಪನ್ನು ನುಗ್ಗಿಸಿದಳು.

ಧೊಪ್!

ನೀರು ಸೀಟಿನವರೆಗೆ ಬಂತು. ಜೀಪು ನಿಂತಿತು. ತೆಂಗಿನಕಾಯಿಗಳು ಒಂದೊಂದಾಗಿ ತೇಲುತ್ತ ಹೊರಟವು. ಯಾರಿಗೂ ಏನೂ ಆಗಿರಲಿಲ್ಲ. ದನವೊಂದು ನಿಧಾನವಾಗಿ ಬಂದು, ನನ್ನನ್ನೇ ನೋಡುತ್ತ ನೀರು ಕುಡಿಯಿತು. ನಾನು ಡ್ಯಾಶ್‌ಬೋರ್ಡನ್ನು ಅಪ್ಪಿಕೊಂಡಿದ್ದೆ.

ಸೊಂಟದವರೆಗೆ ನೆನೆದ ಮಾವ ಮೊದಲು ಆಡಿದ ಮಾತು: “ಅಳಿಯಂದ್ರೇ, ಆಕ್ಸಲ್ಲೊಳಗೆ ನೀರು ಹೋಗಿಲ್ಲ ತಾನೆ?”

“ಹೋ... ಹೋಗಿರಲ್ಲ ಮಾವ.”

ಹೋಗಿತ್ತು. ಟ್ರ್ಯಾಕ್ಟರಿನಿಂದ ಎಳೆಸಿ ತಂದು ಬಿರಡೆ ಬಿಚ್ಚಿದಾಗ ಹಾಲು ಹೆಚ್ಚಾದ ಚಹಾದಂಥ ಎಣ್ಣೆ ಸುರಿಯಿತು. ಆ ತೂತು ಇದ್ದದ್ದೇ ಆಕ್ಸಲ್ ಉಸಿರಾಡಲು! ಓಡಿ ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ, ಹೊರಗೆ ಹೋಗಲು ದಾರಿಯಿಲ್ಲದೆ, ಸೀಲಿನ ಸಂದಿಯಿಂದ ಎಣ್ಣೆಯನ್ನು ಹೊರದಬ್ಬಿ ಬ್ರೇಕಿಗೆ ಅಭ್ಯಂಜನ ಮಾಡಿಸಿತ್ತು. ಕಟ್ಟೆಯ ನೀರಿನಲ್ಲಿ ತಟ್ಟನೆ ತಣಿದಾಗ ಅದೇ ಗಾಳಿ ಕುಗ್ಗಿ, ಅದೇ ಸಂದಿಯಿಂದ ನೀರನ್ನು ಒಳಗೆ ಹೀರಿತ್ತು. ಬಿಸಿಯಾದ ಗಾಳಿ ಹಿಗ್ಗುತ್ತದೆ, ತಣಿದದ್ದು ಕುಗ್ಗುತ್ತದೆ. ಇದನ್ನು ನಾನು ಪ್ರತಿ ವರ್ಷ ಬಲೂನು ಹಿಡಿದು ಪಾಠ ಮಾಡುತ್ತೇನೆ!

“ಕುಕ್ಕರ್ ವಿಷಲ್ಲಿಗೂ ಹಲಸಿನ ಮೇಣ ಬಡ್ದು ಒಲೆ ಮೇಲೆ ಇಡ್ತೀರೇನ್ರೀ?” ಎಂದಳು ಗಿರಿಜಾ. ಆಮೇಲೆ ಮಾತು ನಿಲ್ಲಿಸಿ ಅಪ್ಪನ ಮುಖ ನೋಡಿದಳು. ಷರತ್ತಿನ ಪ್ರಕಾರ ಜೀಪು ಗುಜರಿಗೆ ಹೋಗಬೇಕಿತ್ತಲ್ಲ.

ಮಾವ ಜೀಪನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಜೀಪನ್ನು ನೋಡಿದರು.

“ಇಲ್ಲ ಕಣವ್ವ. ಗುಜರಿಗೆ ಹೋಗ್ಬೇಕಾದ್ದು ಜೀಪಲ್ಲ.”

ಹೀಗೆ ನಾನು ಕೊಟ್ಟ ಮಾತಿನಂತೆ ಜೀಪು ಉಳಿಯಿತು! ಈಗ ಹೊಸ ಸೀಲು ಬಿದ್ದಿದೆ. ಆ ಎರಡೂ ತೂತುಗಳಿಗೆ ಗಿರಿಜಾ ಒಂದೊಂದು ಉದ್ದನೆಯ ಪೈಪು ಸಿಕ್ಕಿಸಿ, ನೀರು ಮುಟ್ಟದಷ್ಟು ಎತ್ತರಕ್ಕೆ, ಸೀಟಿನ ಬೆನ್ನಿಗೆ ಕಟ್ಟಿದ್ದಾಳೆ. ಹಳ್ಳ ದಾಟುವ ಮುಂಚೆ ದಡದ ಹೊಂಗೆಮರದಡಿ ಜೀಪು ನಿಲ್ಲಿಸಿ ಆಕ್ಸಲ್ ತಣಿಯಲು ಬಿಡುತ್ತಾರೆ. ಎಲ್ಲರೂ ಮಂಡಕ್ಕಿ ತಿನ್ನುತ್ತಾರೆ. ನಾನೂ ತಿನ್ನುತ್ತೇನೆ, ಸ್ವಲ್ಪ ದೂರದಲ್ಲಿ. ಆಕ್ಸಲ್ಲಿಗೆ ನೀರು, ಕೆಸರು, ತುಕ್ಕು ತಾಗದಂತೆ ನೋಡಿಕೊಳ್ಳಬೇಕು ಎಂದು ಮಾವ ಮಗಳಿಗೆ ಹೇಳಿದ್ದಾರೆ. ಆ ಪಟ್ಟಿಗೆ ಈಚೆಗೆ ಅಳಿಯನನ್ನೂ ಸೇರಿಸಿದ್ದಾರೆ!